ಪೂರ್ವಕ್ಕೆ ಮುಖ ಮಾಡಿದ ಸಬ್‌ವೂಫರ್

ದಾವಣಗೆರೆಯಲ್ಲಿ ಕಾರುಗಳಿಗೆ ಸೌಂಡ್ ಸಿಸ್ಟಮ್ ಕೂರಿಸುವ ದಾದಾಪೀರನ ಅಂಗಡಿ ಮುಂದೆ ಗುತ್ತಿಗೆದಾರ ಓಂಕಾರಪ್ಪ ಹೊಸ ಕಾರು ತಂದು ನಿಲ್ಲಿಸಿದರು. ಕಾರಿನ ಮೂತಿ ಪೂರ್ವಕ್ಕಿತ್ತು.

“ಡಿಕ್ಕಿಯಲ್ಲಿ ಸಬ್‌ವೂಫರ್ ಕೂರಿಸು. ಅದರ ಮುಖ ಮಾತ್ರ ಪೂರ್ವಕ್ಕೇ ಇರಬೇಕು. ನಮ್ಮ ವಾಸ್ತು ಪಂಡಿತರ ಮಾತು. ತಪ್ಪಿತೋ, ನಿನ್ನ ಅಂಗಡಿಗೆ ಊರಲ್ಲಿ ಯಾರೂ ಕಾಲಿಡದ ಹಾಗೆ ಮಾಡ್ತೀನಿ!”

ದಾದಾಪೀರನಿಗೆ ತಲೆಬಿಸಿಯಾಯಿತು. ಪೂರ್ವ ಅಂದರೆ ಸೀಟಿನ ಕಡೆ. ಈ ಕಾರಿನಲ್ಲಿ ಹಾಗಿಟ್ಟರೆ ಗುಡುಗಬೇಕಾದ ಬೇಸ್ ಸದ್ದು ಸೀಟಿನ ಬೆನ್ನಿಗೇ ಬಡಿದು ಸತ್ತುಹೋಗುತ್ತೆ. ಡಿಕ್ಕಿಯ ಬಾಗಿಲ ಕಡೆ ಮುಖ ಮಾಡಿದರೇ ಎದೆ ನಡುಗಿಸುವ ಸೌಂಡು. ವಾದ ಮಾಡಿದರೆ ಗಿರಾಕಿ ಹೋಗುತ್ತೆ, ಹೇಳಿದಂತೆ ಕೇಳಿದರೆ ಹೆಸರು ಹೋಗುತ್ತೆ.

“ಆಯ್ತು ಸಾವ್ಕಾರ್ರೆ, ಸಂಜೆಗೆ ಬನ್ನಿ” ಅಂದ.

ಸಂಜೆ ಓಂಕಾರಪ್ಪ ಮೊಬೈಲಿನಲ್ಲಿ ದಿಕ್ಸೂಚಿ ಹಿಡಿದೇ ಬಂದರು. ಸಬ್‌ವೂಫರ್ ಡಿಕ್ಕಿಯ ಬಾಗಿಲ ಕಡೆ ನೋಡುತ್ತಿತ್ತು. ದಿಕ್ಸೂಚಿ ಮಾತ್ರ ಪೂರ್ವ ಅಂತ ತೋರಿಸಿತು. ದಾದಾಪೀರ ಕಾರನ್ನೇ ಮೂತಿ ಪಶ್ಚಿಮಕ್ಕೆ ತಿರುಗಿಸಿ ನಿಲ್ಲಿಸಿದ್ದ!

“ಏನೋ ಇದು? ರಸ್ತೆಗಿಳಿದ್ರೆ ದಿಕ್ಕು ಬದಲಾಗಲ್ವಾ?”

“ಹೆಂಗಿಟ್ರೂ ಬದಲಾಗುತ್ತೆ ಸಾವ್ಕಾರ್ರೆ. ವಾಸ್ತು ಇರೋದು ನಿಂತಿರೋ ಮನೆಗೆ ತಾನೆ? ಗಾಡಿ ನಿಂತಾಗ ಇದು ಪೂರ್ವ ನೋಡಿದ್ರೆ ಸಾಕು.”

ಅಷ್ಟು ಹೇಳಿ ಹಾಡು ಹಾಕಿದ. ಓಂಕಾರಪ್ಪನವರ ಜೇಬಿನ ಪೆನ್ನು ಕುಣಿಯಿತು. ಮುಖ ಅರಳಿತು.

“ನೋಡಿದ್ಯಾ, ಪೂರ್ವಕ್ಕಿಟ್ಟಿದ್ದಕ್ಕೇ ಈ ಸೌಂಡು!”

“ಹೌದ್ಹೌದು, ನಿಮ್ಮ ಮಾತೇ ಮಾತು.”

ಓಂಕಾರಪ್ಪ ಊರೆಲ್ಲ ಅದನ್ನೇ ಹೇಳಿಕೊಂಡು ತಿರುಗಿದರು. ವಾರ ಕಳೆಯುವಷ್ಟರಲ್ಲಿ ದಾದಾಪೀರನ ಅಂಗಡಿ ಮುಂದೆ ಏಳು ಕಾರು ಬಂದು ನಿಂತವು, ಎಲ್ಲವೂ ಮೂತಿ ಪಶ್ಚಿಮಕ್ಕೆ ಮಾಡಿಕೊಂಡೇ. ಮೊದಲನೆಯದು ವಾಸ್ತು ಪಂಡಿತರದು.