ಬೊಗ್ಗನಿಗೆ ಸೊಂಟ ಬಂದದ್ದು

ಲೋಕದ ಮಣ್ಣು ಇನ್ನೂ ಒಣಗಿರದ ಕಾಲ. ನಾಯಿಗಳನ್ನೆಲ್ಲ ಮಾಡಿ ಮುಗಿಸಿದಾಗ ಮಣ್ಣು ಒಂದು ಹಿಡಿ ಮಿಕ್ಕಿತ್ತು, ಕೂದಲು ಒಂದು ಮೂಟೆ ಮಿಕ್ಕಿತ್ತು. ಎರಡನ್ನೂ ಸೇರಿಸಿದಾಗ ಆದದ್ದು ಬೊಗ್ಗ ಎಂಬ ಪುಟ್ಟ ನಾಯಿ. ಆಗ ಯಾವ ನಾಯಿಗೂ ಸೊಂಟವಿರಲಿಲ್ಲ. ಮೈಯೆಲ್ಲ ಒಂದೇ ಸಮ, ಒನಕೆಯ ಹಾಗೆ.

ಗುಡ್ಡದ ಬುಡದಲ್ಲಿ ದ್ಯಾವಕ್ಕ ಎಂಬ ಮುದುಕಿ ಬೊಗ್ಗನನ್ನು ಸಾಕಿಕೊಂಡಿದ್ದಳು. ಗುಡ್ಡದ ಮೇಲೆ ಚಿರತೆ ಇತ್ತು. ಚಿರತೆ ಇಳಿದು ಬಂದಾಗಲೆಲ್ಲ ಬೊಗ್ಗ ಕಲ್ಲುಗೋಡೆಯ ಕಂಡಿಯಲ್ಲಿ ನುಸುಳಿ ಅಂಗಳ ಸೇರುತ್ತಿತ್ತು. ಆ ಕಂಡಿಯಲ್ಲಿ ಚಿರತೆಯ ಮೂಗಷ್ಟೇ ತೂರುತ್ತಿತ್ತು. ಬೊಗ್ಗನ ಜೀವ ಆ ಕಂಡಿಯ ಅಳತೆಯಲ್ಲಿತ್ತು.

ದ್ಯಾವಕ್ಕನ ಮನೆಯಲ್ಲಿ ಮೊದಲ ಮುದ್ದೆ ನಾಯಿಗೆ. ಮುದ್ದೆಯ ಗಾತ್ರ ಮಾತ್ರ ಹಿಂದಿದ್ದ ನಾಯಿಯದು. ಆ ನಾಯಿ ಕರುವಿನಷ್ಟು ಎತ್ತರವಿತ್ತು. ನಾಯಿ ಬದಲಾಯಿತೆಂದು ಮುದ್ದೆ ಬದಲಾಯಿಸುವುದು ಆ ಮನೆಯ ಮರ್ಯಾದೆಯಲ್ಲ.

ಹೊಳೆ ಹರಿದುಹೋಗುತ್ತಾ ಹೇಳಿತು, "ಪಾಪ, ಎಷ್ಟು ಪುಟ್ಟದು. ಹೊಟ್ಟೆಗೆ ಹಾಕು ದ್ಯಾವಕ್ಕ."

ದ್ಯಾವಕ್ಕ ಇನ್ನೊಂದು ತುತ್ತು ಹಾಕಿದಳು.

ಗುಬ್ಬಿ ಹಾರಿ ಬಂದು ಹೇಳಿತು, "ಪಾಪ, ಎಷ್ಟು ಪುಟ್ಟದು. ಹೊಟ್ಟೆಗೆ ಹಾಕು ದ್ಯಾವಕ್ಕ."

ದ್ಯಾವಕ್ಕ ಮತ್ತೊಂದು ತುತ್ತು ಹಾಕಿದಳು, ಬೆಣ್ಣೆ ಸವರಿ.

ಗಾಳಿ ಮಾತ್ರ ಬೊಗ್ಗನ ಕೂದಲೊಳಗೆ ಓಡಾಡಿ ಬಂದು, "ಒಳಗೆ ಪಕ್ಕೆಲುಬೇ ಸಿಗಲಿಲ್ಲ. ಒಮ್ಮೆ ಕೈಯಾಡಿಸಿ ನೋಡು" ಎಂದಿತು.

"ಕಣ್ಣಿಗೆ ಕಾಣುತ್ತಲ್ಲ, ಬೊಗಸೆಯಷ್ಟಿದೆ" ಎಂದಳು ದ್ಯಾವಕ್ಕ.

ಒಂದು ಸಂಜೆ ಹಕ್ಕಿಗಳೆಲ್ಲ ಒಟ್ಟಿಗೆ ಸುಮ್ಮನಾದವು. ದ್ಯಾವಕ್ಕ ಕಟ್ಟುತ್ತಿದ್ದ ಮುದ್ದೆ ಕೈಯಲ್ಲೇ ನಿಂತಿತು. ಗೋಡೆಯಾಚೆ ಪುಟ್ಟ ಕಾಲುಗಳು ಓಡಿ ಬರುವ ಸದ್ದು. ಅದರ ಹಿಂದೆ ಇನ್ನೊಂದು ನಡಿಗೆ, ಸದ್ದಿಲ್ಲದ್ದು. ಕಂಡಿಯಲ್ಲಿ ಬೊಗ್ಗನ ತಲೆ ಬಂತು, ಮುಂಗಾಲು ಬಂತು. ಆಮೇಲೆ ಏನೂ ಬರಲಿಲ್ಲ.

"ಅವ್ವಾ, ಕಂಡಿ ಚಿಕ್ಕದಾಗಿದೆ."

"ನಾನು ಇದ್ದಷ್ಟೇ ಇದ್ದೇನೆ" ಎಂದಿತು ಗೋಡೆ.

ಗೋಡೆಯಾಚೆಯಿಂದ ಚಿರತೆ ಮೆಲ್ಲಗೆ ಹೇಳಿತು, "ನಿಧಾನವಾಗಿ ಎಳೆ ದ್ಯಾವಕ್ಕ, ಅವಸರವಿಲ್ಲ. ನೀನು ಹಾಕಿದ್ದೇನೂ ವ್ಯರ್ಥವಾಗುವುದಿಲ್ಲ."

ಹಿಡಿದು ಎಳೆಯಲು ದ್ಯಾವಕ್ಕ ಪಕ್ಕೆಲುಬು ಹುಡುಕಿದಳು. ಬೆರಳು ಕಲಸಿದ ಹಿಟ್ಟಿನಲ್ಲಿ ಹೂತಂತೆ ಹೂತವು. ಗಾಳಿ ಹೇಳಿದ್ದು ಅವಳಿಗೆ ಆಗ ಅರ್ಥವಾಯಿತು.

"ಅವ್ವಾ, ಕಾಲಿಗೆ ಬಿಸಿ ಉಸಿರು ತಾಕುತ್ತಿದೆ."

ದ್ಯಾವಕ್ಕ ಎರಡೂ ಕೈಗಳನ್ನು ಕಂಡಿಯೊಳಕ್ಕೆ ತುರುಕಿದಳು. ಬೊಗ್ಗನ ನಡುವನ್ನು ಎರಡೂ ಬದಿಯಿಂದ ಅದುಮಿದಳು. ಬೆರಳಿಗೆ ಎಲುಬು ಸಿಗುವ ತನಕ ಅದುಮಿ, ಸಿಕ್ಕೊಡನೆ ಎಳೆದಳು. ಬೊಗ್ಗ ಈಚೆ ಬಂದು ಬಿತ್ತು. ಚಿರತೆಯ ಬಾಯಿಗೆ ಬಾಲದ ಕೂದಲಷ್ಟೇ ಸಿಕ್ಕಿತು.

"ಇರಲಿ" ಎಂದಿತು ಚಿರತೆ. "ಮುದ್ದೆ ದೊಡ್ಡದೇ ಇದೆಯಲ್ಲ. ಕಾಯುತ್ತೇನೆ."

ಹೆದರಿದ ದ್ಯಾವಕ್ಕ ಬೊಗ್ಗನಿಗೆ ಅನ್ನ ತೋರಿಸುವುದನ್ನೇ ಬಿಟ್ಟಳು. ಪಕ್ಕೆಲುಬುಗಳು ದೂರದಿಂದಲೇ ಎಣಿಸುವಂತಾದವು. ಆಗ ಗಾಳಿ ಬಂದು, "ಹೀಗಾದರೆ ಇದು ನನ್ನ ಪಾಲು. ಎತ್ತಿಕೊಂಡು ಹೋಗಲೇ?" ಎಂದಿತು. ದ್ಯಾವಕ್ಕ ಒಳಗೆ ಹೋಗಿ ನಿಂಬೆಹಣ್ಣಿನಷ್ಟು ಮುದ್ದೆ ಕಟ್ಟಿ ತಂದಳು. ಅಂದಿನಿಂದ ಮುದ್ದೆ ಹಾಕುವ ಮುಂಚೆ ಬೊಗ್ಗನ ಮೈಮೇಲೆ ಕೈಯಾಡಿಸದ ದಿನವಿಲ್ಲ.

ಅವಳ ಕೈ ಅದುಮಿದಲ್ಲಿ ಸೊಂಟ ಉಳಿಯಿತು. ಅದಕ್ಕೇ ಇವತ್ತಿಗೂ ಪುಟ್ಟ ನಾಯಿಯನ್ನು ಮೇಲಿನಿಂದ ನೋಡಿದರೆ ಪಕ್ಕೆಯ ಹಿಂದೆ ಮೈ ಒಳಗೆ ಸರಿದಿರುತ್ತದೆ. ಪಕ್ಕೆಲುಬು ಕಣ್ಣಿಗೆ ಕಾಣುವುದಿಲ್ಲ, ಕೈಗೆ ಸಿಗುತ್ತದೆ. ಕೈಗೂ ಸಿಗದಿದ್ದರೆ, ಗುಡ್ಡದ ಮೇಲೆ ಯಾರೋ ಅವಸರವಿಲ್ಲದೆ ಕಾಯುತ್ತಿದ್ದಾರೆ ಎಂದು ತಿಳಿಯಬೇಕು.