ನೇಕಾರನ ಮಗಳ ‘ಅಂತೆ’

“ಗುರುಗಳೇ, ನಾನೂ ಹೆಂಡತಿಯೂ ಮಗುವಿನ ಎದುರು ಜಗಳವಾಡುವುದಿಲ್ಲ. ಮಾತನ್ನೇ ಬಿಟ್ಟಿದ್ದೇವೆ. ಮನೆ ತಣ್ಣಗಿದೆ. ಆದರೂ ಐದು ವರ್ಷದ ಮಗಳು ನಿದ್ದೆಯಲ್ಲಿ ಬೆಚ್ಚುತ್ತಾಳೆ, ಹಾಸಿಗೆ ಒದ್ದೆ ಮಾಡುತ್ತಾಳೆ. ಯಾಕೆ?” ಎಂದು ಶಿಷ್ಯ ಮರುಳಪ್ಪ ಕೇಳಿದ.

“ತಣ್ಣಗಿದೆಯಂತೆ! ಭಲೆ,” ಎಂದರು ಗುರುಗಳು. “ಕೂತುಕೋ. ಊಟ ಇಲ್ಲೇ ಮಾಡು. ಮನೆಗೆ ತಿಳಿಸಿದ್ದೀಯಾ?”

“ತಡವಾಗುತ್ತದೆ ಎಂದು ಹೇಳಿ ಕಳಿಸಿದ್ದೇನೆ.”

“ಸರಿ, ಹಾಗಾದರೆ ಕೇಳು.”

ಒಬ್ಬ ನೇಕಾರನಿದ್ದ. ಅವನು ಮಗ್ಗದಲ್ಲಿ ಕೂತು ನೇಯುತ್ತಿದ್ದ. ಹೆಂಡತಿ ಒಳಗೆ ಕೂತು ಲಾಳಿಗೆ ನೂಲು ಸುತ್ತಿ ಕೊಡುತ್ತಿದ್ದಳು. ಒಮ್ಮೆ ಅವಳು ಬಣ್ಣ ತಪ್ಪಿ ಸುತ್ತಿದಳು, ಅವನೂ ನೋಡದೆ ನೇಯ್ದ. ಮದುವೆ ಸೀರೆ ಕೆಟ್ಟಿತು. ನಾಲ್ಕು ಜನರ ಮುಂದೆ ಅವನು ಅವಳನ್ನು ಬೈದ. ಅವಳು ಮಾತು ಬಿಟ್ಟಳು. ಅವನೇನು ಕಡಿಮೆಯೇ? ಅವನೂ ಬಿಟ್ಟ. ಆದರೆ ಮಗ್ಗ ನಡೆಯಬೇಕಲ್ಲ! ಅವರಿಗೆ ನೀಲವ್ವ ಎಂಬ ಪುಟ್ಟ ಮಗಳಿದ್ದಳು.

“ನಿಮ್ಮವ್ವನಿಗೆ ಹೇಳು, ನೂಲು ಬೇಕು.”

“ನಿಮ್ಮಪ್ಪನಿಗೆ ಹೇಳು, ಕಾಲಿದ್ದರೆ ಬಂದು ತಗೊಳ್ಳಲಿ.”

ಮಗು ಲಾಳಿಯ ಹಾಗೆ ಅತ್ತಿಂದಿತ್ತ ಓಡಿತು. ಆದರೆ ಬಿರುಸು ಮಾತು ಅದರ ಬಾಯಿಗೆ ಬರಲಿಲ್ಲ. “ಅವ್ವ ತರ್ತಾಳಂತೆ,” ಎಂದಿತು. ಅಪ್ಪ ಕಾದ. ಅವ್ವ ಬರಲಿಲ್ಲ. ಸುಳ್ಳು ಹೇಳ್ತೀಯಾ ಎಂದು ಅವನು ಬೆನ್ನಿಗೆ ಬಾರಿಸಿದ. ಅಪ್ಪನ ಬುದ್ಧಿಯೇ ಬಂದಿದೆ ಎಂದು ಅವಳು ಒಳಗಿನಿಂದಲೇ ಚುಚ್ಚಿದಳು.

ಅಂದಿನಿಂದ ಮಗು ತನ್ನದೆಂಬ ಒಂದು ಮಾತನ್ನೂ ಆಡಲಿಲ್ಲ. ಹೇಳಿ ಕಳಿಸಿದ್ದನ್ನು ಇದ್ದ ಹಾಗೇ ಒಪ್ಪಿಸುತ್ತಿತ್ತು. ಬೇಕಂತೆ, ಬೇಡವಂತೆ, ಬರೋದಿಲ್ಲವಂತೆ. ಮಗಳು ದಾರಿಗೆ ಬಂದಳೆಂದು ಇಬ್ಬರಿಗೂ ಸಮಾಧಾನ. ಪುಣ್ಯಾತ್ಮರು, ಅದೊಂದರಲ್ಲಿ ಮಾತ್ರ ಒಮ್ಮತ.

ಒಂದು ದಿನ ನೂಲಿಗೆ ಹಾಕುವ ಬಿಸಿ ಗಂಜಿ ಮಗುವಿನ ಕಾಲ ಮೇಲೆ ಚೆಲ್ಲಿತು. ಮಗ್ಗ ಆಚೆ, ಒಲೆ ಈಚೆ. ಎರಡೂ ಕೂಗಳತೆಯಲ್ಲೇ ಇದ್ದವು. ಮಗು ಕೂಗಲಿಲ್ಲ. ನಡುಮನೆಯಲ್ಲಿ ನಿಂತು ನಡುಗುತ್ತಿತ್ತು. ನೂಲು ಬರಲಿಲ್ಲವೆಂದು ಅವನು ಎದ್ದು ಬಂದ. ನೂಲು ಕೇಳಲು ಯಾರೂ ಬರಲಿಲ್ಲವೆಂದು ಅವಳೂ ಬಂದಳು. ಬೊಬ್ಬೆಯೆದ್ದ ಪಾದ ಕಂಡು ಇಬ್ಬರಿಗೂ ಜೀವ ಬಾಯಿಗೆ ಬಂತು.

“ಅಯ್ಯೋ ನನ್ನ ಕೂಸೇ, ಏನಾಯ್ತೇ?” ಎಂದು ಅವ್ವ ಚೀರಿದಳು.

ಮಗು ಅಪ್ಪನ ಮುಖ ನೋಡಿತು, ಅವ್ವನ ಮುಖ ನೋಡಿತು. ಆಮೇಲೆ ಮೆಲ್ಲಗೆ ಹೇಳಿತು: “ಕಾಲು ಉರೀತದಂತೆ.”

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಮರುಳಪ್ಪ ಕಣ್ಣೊರೆಸಿಕೊಂಡು, ಎಂಥ ತಂದೆತಾಯಿ ಎಂದು ನಿಟ್ಟುಸಿರು ಬಿಟ್ಟ. ಗುರುಗಳು ಅವನನ್ನೇ ನೋಡಿ ಕೇಳಿದರು:

“ಅಲ್ಲಯ್ಯಾ, ತಡವಾಗುತ್ತದೆ ಅಂತ ಮನೆಗೆ ಯಾರ ಕೈಲಿ ಹೇಳಿ ಕಳಿಸಿದೆ?”