ಎಂಜಲ ದಂಡೆ

ತೊರೆಗದ್ದೆಯ ಹೊಳೆ ಕಡಲನ್ನು ಸೇರುವಲ್ಲಿ ಒಂದು ದಂಡೆಯಿದೆ. ರಜೆಗೆಂದು ಬಂದವರು ಮರಳಿನ ಆಸೆಯಿಂದ ಚಪ್ಪಲಿ ಬಿಚ್ಚಿ ನಾಲ್ಕು ಹೆಜ್ಜೆ ಇಟ್ಟು, ಪಾದ ಚುಚ್ಚಿಸಿಕೊಂಡು ಮತ್ತೆ ಮೆಟ್ಟಿಕೊಳ್ಳುತ್ತಾರೆ. ಅಲ್ಲಿ ಮರಳೇ ಇಲ್ಲ. ಬಗೆದಷ್ಟೂ ಬಿಳಿಯ ಚಿಪ್ಪು. ಇಷ್ಟು ಚೆಲುವಾದ ಜಾಗಕ್ಕೆ ‘ಎಂಜಲ ದಂಡೆ’ ಎಂಬ ಹೆಸರೇಕೆ ಎಂದು ಕೇಳಿದವರಿಗೆ ನಮ್ಮ ಕೇರಿಯ ಹಿರಿಯರು ಹೊಸಬಿ ಎಂಬ ಬೆಸ್ತರ ಹೆಂಗಸಿನ ಕಥೆ ಹೇಳುತ್ತಾರೆ.

ಹಿಂದೆ ಒಮ್ಮೆ ಈ ಸೀಮೆಯನ್ನು ದುಗ್ಗಣ್ಣ ನಾಯಕನೆಂಬ ಪಾಳೆಯಗಾರ ಆಳುತ್ತಿದ್ದನಂತೆ. ಕಡಲಿಗೆ ಮುಖಮಾಡಿ ಅರಮನೆ ಕಟ್ಟಿಸಿದವನಿಗೆ ಒಣಮೀನಿನ ವಾಸನೆ ಸಹಿಸಲಾಗಲಿಲ್ಲ. ಕಡಲಂಚಿನ ಮರಳೆಲ್ಲ ಅರಮನೆಗೆ ಸೇರಿದ್ದು, ಬೆಸ್ತರ ದೋಣಿ ಅದನ್ನು ಮುಟ್ಟಕೂಡದು ಎಂದು ಡಂಗುರ ಹೊಡೆಸಿದ. ಬೆಸ್ತರು ಹೊಳೆ ಕಡಲು ಸೇರುವ ಅಳಿವೆಯ ಕೆಸರಿಗೆ ಹೋಗಬೇಕಾಯಿತು. ಅಲ್ಲಿ ದೋಣಿ ಎಳೆದಿಡಲು ಗಟ್ಟಿ ನೆಲವಿರಲಿಲ್ಲ. ಮೊದಲ ಮಳೆಗಾಲದಲ್ಲೇ, ಕೆಸರಿನಲ್ಲಿ ಹೂತ ದೋಣಿಯನ್ನು ಬಿಡಿಸಲು ಹೋದ ಹೊಸಬಿಯ ಗಂಡನನ್ನು ಅಲೆ ಎಳೆದೊಯ್ದಿತು. ಕೆಲವರು ಊರು ಬಿಡುವ ಮಾತಾಡಿದರು. ಹೊಸಬಿ ಒಪ್ಪಲಿಲ್ಲ. ಕೆಸರಿನಲ್ಲಿ ಹೇರಳವಾಗಿದ್ದ ಬಳಚು ಎಂಬ ಚಿಪ್ಪಿಯನ್ನು ಆಯ್ದು ತಂದು ಬೇಯಿಸಿ ಮಕ್ಕಳಿಗೆ ಉಣಿಸಿದಳು. ಉಳಿದ ಚಿಪ್ಪನ್ನು ಒಯ್ದು ಗಂಡ ಸತ್ತ ಜಾಗದಲ್ಲೇ ಸುರಿದಳು. ದಿನವೂ ಸುರಿದಳು. ಅವಳನ್ನು ನೋಡಿ ಕೇರಿಯ ಹೆಂಗಸರೆಲ್ಲ ಸುರಿದರು. ಅವಳ ತಲೆ ನರೆಯುವ ಹೊತ್ತಿಗೆ ಕೆಸರು ಮುಚ್ಚಿ, ದೋಣಿಗಳು ನಿಲ್ಲುವಷ್ಟು ಗಟ್ಟಿಯಾದ ದಂಡೆಯೊಂದು ಎದ್ದಿತ್ತು.

ಅರಮನೆಯ ಉಪ್ಪರಿಗೆಯಿಂದ ಅದು ಬೆಳ್ಳಗೆ ಹೊಳೆಯುವುದನ್ನು ಕಂಡ ನಾಯಕ ಪಲ್ಲಕ್ಕಿಯೇರಿ ಬಂದ. ಇದೂ ಕಡಲಂಚೇ, ಇದೂ ತನ್ನದೇ ಎನ್ನುತ್ತ ಇಳಿಯಲು ಕಾಲು ಹೊರಚಾಚಿದ. ಹೊಸಬಿ ಮುಂದೆ ಬಂದು ಬೊಗಸೆ ತುಂಬ ಚಿಪ್ಪು ಎತ್ತಿ ಹಿಡಿದಳು.

“ಮರಳು ನಿಮ್ದು, ಒಡೆಯಾ. ಇದು ಮರಳಲ್ಲ. ನಾವು ತಿಂದು ಬಿಟ್ಟ ಎಂಜಲು. ಬೇಕಾದ್ರೆ ತಕಳಿ.”

ಬೆಸ್ತರ ಎಂಜಲು ತುಳಿದರೆ ಮೈಲಿಗೆಯೆಂದು ನಂಬಿದ್ದ ನಾಯಕ ಚಾಚಿದ ಕಾಲನ್ನು ಒಳಗೆಳೆದುಕೊಂಡ. ಇದನ್ನೆಲ್ಲ ಬಾಚಿಸಿ ಕಡಲಿಗೆ ಹಾಕಿಸುತ್ತೇನೆ ಎಂದು ಗದರಿದ.

“ಹಾಕಿಸಿ,” ಎಂದಳು ಹೊಸಬಿ. “ನಾಳೆನೂ ನಮಗೆ ಹಸಿವಾಗ್ತದೆ.”

ಪಲ್ಲಕ್ಕಿ ಹಿಂದಿರುಗಿತು. ಬಾಚಲು ಯಾರೂ ಬರಲಿಲ್ಲ. ಎಂಜಲು ಮುಟ್ಟಲು ಅರಮನೆಯ ಆಳುಗಳೂ ಒಪ್ಪಲಿಲ್ಲ ಎನ್ನುತ್ತಾರೆ. ಅಂದು ಹೊಸಬಿಯ ಬಾಯಿಂದ ಬಂದ ಹೆಸರನ್ನೇ ಕೇರಿಯವರು ದಂಡೆಗೆ ಇಟ್ಟರು. ಈಚೆಗೆ ಚಂದದ ಹೆಸರಿನ ಫಲಕ ನೆಡಲು ಬಂದವರನ್ನು ನಯವಾಗಿಯೇ ವಾಪಸು ಕಳಿಸಿದ್ದಾರೆ.

ಅರಮನೆಯಿದ್ದ ಜಾಗದಲ್ಲಿ ಈಗ ಗಾಳಿಮರದ ತೋಪಿದೆ. ಬೆಳಗಿನ ಹೊತ್ತು ಅಲ್ಲಿ ನಿಂತು ನೋಡಿದರೆ, ಹೆಂಗಸರು ಬುಟ್ಟಿಗಳಲ್ಲಿ ಚಿಪ್ಪು ಹೊತ್ತು ತಂದು ನೀರಿನ ಅಂಚಿಗೆ ಸುರಿಯುವುದು ಕಾಣಿಸುತ್ತದೆ. ದಂಡೆ ಇನ್ನೂ ಬೆಳೆಯುತ್ತಿದೆ.